ಕಾಶವ್ವ ಕುಣಿ ತೋಡಿಸಿದ್ದು

ಗಂಡನ ಎಡಕ್ಕೆ ತನ್ನನ್ನು ಕೂರಿಸಬೇಕು, ಸತ್ತ ಮೇಲೆ ತನಗೆ ಬೇಕಾದದ್ದು ಅಷ್ಟೇ ಎಂದು ಕಾಶವ್ವ ಹೇಳಿದಾಗ ಮೈದುನ ತಮ್ಮಣ್ಣ ಇಲ್ಲ ಅನ್ನಲಿಲ್ಲ. ನೇರವಾಗಿ ಇಲ್ಲ ಅಂದು ಅವನಿಗೆ ರೂಢಿಯೇ ಇಲ್ಲ. ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿ, ಅಣ್ಣನ ಸಮಾಧಿ ಕಟ್ಟೆಯ ಮೇಲಿದ್ದ ಪತ್ರೆಯನ್ನು ಸುಮ್ಮನೆ ಅತ್ತಿತ್ತ ಮಾಡಿ, ಆಮೇಲೆ ಹೇಳಿದ.

"ನಂದೇನ ತಕರಾರ ಇಲ್ರಿ ವೈನಿ. ಕಲ್ಲು ಬಿಡಬೇಕಲ್ಲ."

ಅವರ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ. ಹೊಲದಲ್ಲಿ ಕುಣಿ ತೋಡಿ, ಅದರ ಒಂದು ಗೋಡೆಯಲ್ಲಿ ಗೂಡು ಕೆತ್ತಿ, ಅಂಗೈ ಮೇಲೆ ಲಿಂಗವಿಟ್ಟು ಕೂರಿಸುತ್ತಾರೆ. ಕುಣಿ ಅಳೆಯಲು ಟೇಪು ನಡೆಯುವುದಿಲ್ಲ, ಸತ್ತವರ ಪಾದದ್ದೇ ಅಳತೆ. ಗಂಡ ಮೂಡಣಕ್ಕೆ ಮುಖ ಮಾಡಿ ಕೂತರೆ ಹೆಂಡತಿ ಅವನ ಎಡಕ್ಕೆ, ಬಡಗು ದಿಕ್ಕಿಗೆ. ಖಾನಾಪುರದಾಚೆಯ ಆ ಊರಲ್ಲಿ ಅವರ ಸಮಾಧಿ ಹೊಲ ಒಂದು ಉದ್ದನೆಯ ದಿಬ್ಬದ ಮೇಲಿದೆ. ಗುರುಪುತ್ರಪ್ಪ ತೀರಿಕೊಂಡ ದಿನ ಮೊದಲು ಗುದ್ದಲಿ ಹಾಕಿದ್ದು ದಿಬ್ಬದ ನೆತ್ತಿಗೆ. ಮೊಣಕಾಲು ಮುಳುಗುವ ಮೊದಲೇ ಠಣ್ ಎಂದು ಹಾಸುಗಲ್ಲು ಸಿಕ್ಕಿತು. ಹೆಣ ಅಂಗಳದಲ್ಲಿ ಕಾಯುತ್ತಿತ್ತು. ತೋಡುವವರು ತೆಂಕಲಿಗೆ ಸರಿಯುತ್ತ ಸರಿಯುತ್ತ, ಮಣ್ಣು ಆಳಕ್ಕೆ ಸಿಕ್ಕ ಕಡೆ ಅವನನ್ನು ಕೂರಿಸಿದರು. ಹೀಗಾಗಿ ಅವನ ಎಡಕ್ಕೆ ಉಳಿದದ್ದು ಅದೇ ಹಾಸುಗಲ್ಲಿನ ನೆತ್ತಿ.

"ಬ್ರೇಕರ್ ತರಸಿದ್ರ?" ಎಂದಳು ಕಾಶವ್ವ.

"ಬ್ರೇಕರ್ ನಡುಗಿಸಿದ್ರ ಅಜ್ಜಾಗೋಳ ಕಟ್ಟಿ ಎಲ್ಲಾ ಬಿರೀತಾವ್ರಿ. ಸತ್ತವರಿಗೆ ತ್ರಾಸ ಕೊಡಬಾರದು. ಬೆಳಗಾವ್ಯಾಗ ನಮ್ಮವರ ರುದ್ರಭೂಮಿ ಐತೆಲ್ಲ, ಛಲೋ ಇಟ್ಟಾರ, ನಳ ಐತಿ, ಗಿಡ ಹಚ್ಯಾರ." ತಮ್ಮಣ್ಣನ ದನಿಯಲ್ಲಿ ಬೆಣ್ಣೆ ಇತ್ತು. "ನಾವೇನ ಒಲ್ಲೆ ಅನ್ನಾಕತ್ತಿಲ್ಲ ವೈನಿ. ನೆಲಾನ ಒಲ್ಲೆ ಅಂದ್ರ ಯಾರೇನ ಮಾಡೂದು."

ಕಲ್ಲು ಇದ್ದದ್ದು ನಿಜ. ಆದರೆ ಆ ಮಾತು ಹೇಳುವಾಗ ತಮ್ಮಣ್ಣ ಕಾಶವ್ವನ ಕಡೆ ನೋಡದೆ, ದೂರದ ಕಬ್ಬಿನ ಹೊಲದ ಕಡೆ ನೋಡುತ್ತಿದ್ದ. ಸಂತೆಯಲ್ಲಿ ಎಮ್ಮೆ ಮಾರುವವನು ಎಮ್ಮೆಯ ದೋಷ ಮುಚ್ಚುವಾಗ ಹಾಗೆಯೇ ಬೇರೆ ಕಡೆ ನೋಡುತ್ತಾನೆ. ಕಾಶವ್ವ ಎಷ್ಟೋ ಎಮ್ಮೆ ಕೊಂಡವಳು, ಮಾರಿದವಳು.

ಅವಳ ಒಬ್ಬಳೇ ಮಗಳು ಪ್ರಮಿಳಾ ಕುರುಬರ ನಾಗಲಿಂಗನನ್ನು ಮೆಚ್ಚಿ ಮದುವೆಯಾಗಿದ್ದಳು. ಆಗ ಊರಲ್ಲಿ ಯಾರೂ ಬಾಯಿಬಿಟ್ಟು ಒಂದು ಮಾತು ಆಡಲಿಲ್ಲ. ಕಾಶವ್ವ ಬಂದರೆ "ಬರ್ರಿ, ಕುಂದರ್ರಿ" ಅಂದರು, ಚಹಾ ಕೊಟ್ಟರು. ಆದರೆ ಲಗ್ನದ ಕರೆಯೋಲೆ ಕಡಿಮೆಯಾದವು, ಹಬ್ಬದ ಬುತ್ತಿ ನಿಂತವು. ಗಂಡ ಹೋದ ಮೇಲೆ ಕಾಶವ್ವ ಬೆಳಗಾವಿಯ ರಾಮತೀರ್ಥ ನಗರದಲ್ಲಿದ್ದ ಅಳಿಯನ ಮನೆಗೇ ಬಂದು ಇದ್ದಳು. ಅಂದಿನಿಂದ ಊರಿನವರ "ಬರ್ರಿ" ಇನ್ನಷ್ಟು ಮೃದುವಾಯಿತು, ಚಹಾದ ಕಪ್ಪು ಇನ್ನಷ್ಟು ಸಣ್ಣದಾಯಿತು.

ಆ ದಿನ ಗಂಡನ ಪುಣ್ಯತಿಥಿ ಮುಗಿಸಿ ಅವಳು ಬಸ್ಸಿನಲ್ಲಿ ಬೆಳಗಾವಿಗೆ ಮರಳಿದಳು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದಳು.

"ನೆಲ ಒಲ್ಲೆ ಅಂತೈತಂತ. ಹಂಗಾರ ನೆಲಾನ ಕೇಳೂಣು."

ಪ್ರಮಿಳಾ ರೊಟ್ಟಿ ಬಡಿಯುತ್ತಿದ್ದಳು. "ಅವ್ವಾ, ಆ ಊರಿನ ಮಣ್ಣ ನಿನಗ ಯಾಕ ಬೇಕ? ಒಲ್ಲದವರ ಬಾಗಲದಾಗ ಸತ್ತ ಮ್ಯಾಲೂ ಹೋಗಿ ನಿಂದ್ರತೀಯೇನ? ಇಲ್ಲೆ ರುದ್ರಭೂಮಿ ಐತಿ."

"ಅದು ಛಲೋನ ಐತಿ, ನಳ ಐತಿ," ಎಂದಳು ಕಾಶವ್ವ. "ನಾ ಒಲ್ಲೆ ಅಂದು ಅಲ್ಲಿಗೆ ಹೋಗೂದು ಬ್ಯಾರೆ, ಅವರು ಒಲ್ಲೆ ಅಂತ ಹೋಗೂದು ಬ್ಯಾರೆ. ಈಗ ಹೋದ್ರ, ನೀ ಮಾಡಿದ್ದು ತಪ್ಪು ಅಂತ ನಾನೂ ಒಪ್ಪಿದಂಗ ಆಗತೈತಿ."

ಪ್ರಮಿಳಾಳ ರೊಟ್ಟಿ ಬಡಿಯುವ ಸದ್ದು ಜೋರಾಯಿತು.

ಮೊಮ್ಮಗಳು ಪೂನಮ ಬೆಳಗಾವಿಯ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಾಳೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಆಯಿ, ಆ ಹಾಸುಗಲ್ಲ ಎಂಥಾದು? ಕರೀದೋ, ಉಸುಕಿನಂಗ ಐತೋ?"

"ಉಸುಕಿನಂಗ. ಖಾರಾ ಅರೀಲಿಕ್ಕೆ ಭಾಳ ಛಲೋ."

"ಮರಳುಗಲ್ಲ ಹಂಗಾರ," ಎಂದಳು ಪೂನಮ. "ನಾನೂ ಬರ್ತೀನಿ."

ನಾಗಲಿಂಗ ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುವವನು, ಮಾತು ಕಡಿಮೆ. ರಜೆಯ ದಿನ ಹಾರೆ, ಗುದ್ದಲಿ, ಸಲಿಕೆ ಗೋಣಿಯಲ್ಲಿ ಕಟ್ಟಿದ. ಫೌಂಡ್ರಿಯ ಗೆಳೆಯ ಸಂಜಯನನ್ನೂ ಕರೆದ. ಖಾನಾಪುರದ ತನಕ ಬಸ್ಸು, ಅಲ್ಲಿಂದ ಟಮ್‌ಟಮ್. ಎದುರು ಕೂತಿದ್ದ ಒಬ್ಬ ಹೆಂಗಸು ಗೋಣಿ ನೋಡಿ ಬಾವಿ ತೋಡಲು ಹೊರಟಿರಾ ಎಂದು ಮರಾಠಿಯಲ್ಲಿ ಕೇಳಿದಳು. "ಬಾವಿ ಅಲ್ಲವ್ವಾ, ನನಗೊಂದು ಮನಿ," ಎಂದು ಕಾಶವ್ವ ಅಷ್ಟೇ ಸರಾಗವಾಗಿ ಮರಾಠಿಯಲ್ಲಿ ಉತ್ತರಿಸಿದಳು. ಆ ಹೆಂಗಸು ಶುಭವಾಗಲಿ ಎಂದಳು.

ಮೊದಲ ದಿನ ಗೆದ್ದದ್ದು ತಮ್ಮಣ್ಣ.

ಗುರುಪುತ್ರಪ್ಪನ ಕಟ್ಟೆಯ ಎಡಕ್ಕೆ, ಕಲ್ಲು ಇರುವುದು ಒಂದೇ ಕಡೆಯೋ ಉದ್ದಕ್ಕೂ ಇದೆಯೋ ನೋಡೋಣ ಎಂದು ನಾಗಲಿಂಗ ಅಲ್ಲಲ್ಲಿ ಹಾರೆ ಹಾಕಿ ನೋಡಿದ. ಎಲ್ಲ ಕಡೆ ಅದೇ ಠಣ್. ನೆತ್ತಿಯ ಹತ್ತಿರ ಹೋದಷ್ಟೂ ಕಲ್ಲು ಮೇಲೆ. ಪೂನಮ ನೆಲ ನೋಡುತ್ತ, ಕೈಯಲ್ಲಿ ದಿಬ್ಬದ ಆಕಾರ ಮಾಡುತ್ತ ಓಡಾಡಿದಳು. ಕೊನೆಗೆ ಬಂದು ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಆಯಿ, ಕಲ್ಲಿನ ಹಾಸು ಬೋರಲ ಹಾಕಿದ ಬುಟ್ಟಿ ಹಂಗ ಉಬ್ಬೇತಿ. ಅಜ್ಜ ಈ ಕಡೆ ಎಷ್ಟು ದೂರ ಇಳಿದು ಕುಂತಾನೋ, ಆ ಕಡೆ ಅಷ್ಟ ದೂರ ಹೋದ್ರ ನಿನಗೂ ಮಣ್ಣ ಸಿಗತೈತಿ. ಆದ್ರ ಅಷ್ಟು ದೂರ ಅಂದ್ರ..." ಅವಳು ಬಡಗಣ ಬದುವಿನ ಕಡೆ ಕೈ ತೋರಿಸಿದಳು. ಬದುವಿನಾಚೆ ಪರರ ಕಬ್ಬು ತೂಗುತ್ತಿತ್ತು.

"ಇನ್ನೊಬ್ಬರ ಕಬ್ಬಿನ್ಯಾಗ ನಾ ಕುಂದ್ರೂದಿಲ್ಲ. ಗಾಣಕ್ಕ ಹಾಕಿಬಿಟ್ಟಾರು," ಎಂದಳು ಕಾಶವ್ವ. ಆದರೆ ನಗು ಬರಲಿಲ್ಲ.

ತಮ್ಮಣ್ಣ ಒಂದು ಸ್ಟೀಲಿನ ಕಿಟ್ಲಿಯಲ್ಲಿ ಚಹಾ ಹಿಡಿದು ಬಂದ. ಹೆಂಡತಿ ಸಾವಂತ್ರವ್ವ ಹಿಂದೆ ಕಪ್ಪುಗಳ ತಾಟು ಹಿಡಿದಿದ್ದಳು. ತೋಡಿದ ಗುಂಡಿಗಳನ್ನು ಒಂದೊಂದಾಗಿ ನೋಡಿ ಅವನು ತಲೆಯಾಡಿಸಿದ.

"ನಾ ಹೇಳಿದ್ದಿಲ್ಲೇನ್ರಿ ವೈನಿ? ಕುಣಿ ತೆಗದು ಬರಿದು ಬಿಡಬಾರದು, ಊರಿಗೆ ಕೇಡು. ಹೊತ್ತ ಮುಳಗೂದ್ರೊಳಗ ಮುಚ್ಚಿಸಿಬಿಡ್ರಿ." ಆಮೇಲೆ ಇನ್ನೊಂದು ಮಾತು ಸೇರಿಸಿದ, ಸಕ್ಕರೆ ಹಾಕಿದಂತೆ. "ಜೀವಂತ ಇದ್ದಾಗ ಕುಣಿ ತೋಡಸೂದು ಮಠದ ಅಯ್ಯಗೋಳಿಗೆ ಶೋಭಾ. ನಮ್ಮಂಥವರಿಗೆ ಯಾಕ್ರಿ?"

"ಅಯ್ಯಗೋಳಿಗೆ ಮಂದಿ ಅದಾರೋ ತಮ್ಮಣ್ಣ. ನನಗ ನಾನ ಇದ್ದೀನಿ," ಎಂದಳು ಕಾಶವ್ವ. ಚಹಾ ಕುಡಿಯಲಿಲ್ಲ.

ಗಂಡಸರು ಗುಂಡಿ ಮುಚ್ಚುವಾಗ ಅವಳು ಕೈಕಾಲು ತೊಳೆಯಲು ಹಳ್ಳಕ್ಕೆ ಇಳಿದಳು. ಬೀಳುತ್ತಾಳೆಂದು ಪೂನಮ ರಟ್ಟೆ ಹಿಡಿದಿದ್ದಳು. ಹಳ್ಳ ದಿಬ್ಬದ ಮೂಡಣ ತುದಿಯನ್ನು ಕಡಿದುಕೊಂಡು ಬಡಗಿಗೆ ಹರಿಯುತ್ತದೆ, ಅದರ ದಡ ಆಳುದ್ದ ನೆಟ್ಟಗೆ ನಿಂತಿದೆ. ಕಾಶವ್ವ ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದಂತೆ ರಟ್ಟೆ ಹಿಡಿದ ಕೈ ಸಡಿಲವಾಯಿತು. ನೋಡಿದರೆ ಪೂನಮ ನೀರೊಳಗೇ ನಿಂತು ದಡವನ್ನು ದಿಟ್ಟಿಸುತ್ತಿದ್ದಾಳೆ, ಚಪ್ಪಲಿಯೊಂದು ತೇಲಿ ಹೋಗುತ್ತಿದೆ.

"ಏನಾತವಾ? ಹಾವೇನ?"

"ಬುಟ್ಟಿ ಅಲ್ಲ ಆಯಿ," ಎಂದಳು ಪೂನಮ. "ನಾ ತಪ್ಪ ತಿಳಕೊಂಡಿದ್ದೆ. ಇದು ಬುಟ್ಟಿ ಅಲ್ಲ."

ದಡದಲ್ಲಿ ದಿಬ್ಬದ ಹೊಟ್ಟೆ ಸೀಳಿ ತೋರಿಸಿದಂತೆ ಪದರಗಳು ಕಾಣುತ್ತಿದ್ದವು. ಕೆಳಗೆ ದಪ್ಪ ಮರಳುಗಲ್ಲು, ಅದರ ಮೇಲೆ ಹಪ್ಪಳ ಜೋಡಿಸಿಟ್ಟಂಥ ತೆಳ್ಳನೆಯ, ಬೂದಿ ಬಣ್ಣದ ಜೇಡಿಗಲ್ಲು. ತೆಂಕಲಿನಿಂದ ಮರಳುಗಲ್ಲು ನಿಧಾನವಾಗಿ ಏರುತ್ತ ಬಂದಿತ್ತು. ನೆತ್ತಿಗೆ ಬಂದು, ಅಲ್ಲಿ ಥಟ್ಟನೆ ಬಗ್ಗಿ, ಹೊರಸಿನ ಅಂಚಿನಿಂದ ಗಾದಿ ಜೋತುಬಿದ್ದಂತೆ ಹೆಚ್ಚುಕಡಿಮೆ ನೆಟ್ಟಗೆ ನೆಲದೊಳಗೆ ಇಳಿದುಬಿಟ್ಟಿತ್ತು. ಅದರಾಚೆಗೆ ಕಣ್ಣಿಗೆ ಕಾಣುವಷ್ಟೂ ಬರೀ ಜೇಡಿಗಲ್ಲು. ಕಾಶವ್ವ ಹತ್ತಿರ ಹೋಗಿ ಉಗುರಿನಿಂದ ಕೆರೆದಳು. ಪುಡಿಪುಡಿಯಾಗಿ ಉದುರಿತು.

"ಕಲ್ಲ ಬಗ್ಗತೈತೇನವಾ?"

"ಒಮ್ಮಿಗೆಲೆ ಬಡದ್ರ ಒಡೀತೈತಿ. ಭಾಳ ಆಳದಾಗ, ಮ್ಯಾಲ ಭಾರ ಹೇರಿ, ಲಕ್ಷಗಟ್ಲೆ ವರ್ಷ ಸಾವಕಾಶ ದಬ್ಬಿದ್ರ ಬಗ್ಗತೈತಿ." ಪೂನಮಳ ಮಾತು ಓಡುತ್ತಿತ್ತು. "ಇವೆಲ್ಲಾ ಒಂದು ಕಾಲಕ್ಕ ನೀರಾಗ ಕುಂತ ಉಸುಕು, ರಾಡಿ ಆಯಿ. ಸಪಾಟ ಇದ್ವು, ಒಂದರ ಮ್ಯಾಲ ಒಂದು ಕೌದಿ ಹಾಸಿದಂಗ. ಇವುಗಳ ತಳದಾಗ ಇನ್ನೂ ಹಳೆ ಕಲ್ಲ ಐತಿ, ಭಾಳ ಬಿರುಸು, ಅದಕ್ಕ ಬಗ್ಗಾಕ ಬರೂದಿಲ್ಲ. ಅದು ಎಂದೋ ಒಡದು, ಒಂದು ಕಡೀದು ಮ್ಯಾಲ ಎದ್ದೈತಿ, ಇನ್ನೊಂದು ಕೆಳಗ ಉಳದೈತಿ. ಸ್ತರಭಂಗ ಅಂತೀವಿ. ಆ ಒಡಕು ಇಲ್ಲೀ ತನಕ ಬಂದಿಲ್ಲ, ಹಾದ್ಯಾಗ ದಮ್ಮು ಕಳಕೊಂಡೈತಿ. ಮ್ಯಾಲಿನ ಪದರ ಹರೀಲಿಲ್ಲ, ಎದ್ದ ಅಂಚಿನ ಮ್ಯಾಲ ಬಗ್ಗಿ ಕುಂತೈತಿ."

ಕಾಶವ್ವ ದಡವನ್ನೇ ನೋಡಿದಳು. "ಆ ಒಡಕು ಎಲ್ಲೈತಿ? ಕಾಣವಲ್ದು."

"ಕಾಣೂದಿಲ್ಲ. ಭಾಳ ಕೆಳಗ ಐತಿ. ನಂದು ಅಂದಾಜ."

"ಕಾಣದ್ದನ್ನ ಹೆಂಗ ಹೇಳ್ತಿ?"

"ಮುಂಜಾನೆ ನಾ ಕೌದಿ ಹೊತ್ತು ಮಲಗಿದಾಗ, ಇದು ಪೂನಮನ ಮಣಕಾಲ, ಇದು ತಲಿ ಅಂತ ಬರೋಬ್ಬರಿ ಬಡೀತೀಯಲ್ಲ, ಹಂಗ."

ಕಾಶವ್ವ ದಿಬ್ಬದ ಕಡೆ ತಿರುಗಿ, ನೆತ್ತಿ ಎಲ್ಲಿ, ಬದು ಎಲ್ಲಿ ಎಂದು ಕಣ್ಣಲ್ಲೇ ಅಳೆದಳು. ಓದು ಬಾರದಿದ್ದರೂ ಲೆಕ್ಕ ತಪ್ಪುವವಳಲ್ಲ. ಕಲ್ಲು ಎರಡೂ ಕಡೆ ಸಮ ಇಳಿದಿದ್ದರೆ ತಾನು ಕಬ್ಬಿನೊಳಗೆ ಹೋಗಬೇಕಿತ್ತು. ಬಡಗಣ ಕಡೆ ಅದು ಗೋಡೆಯಂತೆ ಇಳಿದಿದ್ದರೆ, ನೆತ್ತಿ ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಸಾಕು. ಬದುವಿನ ಈಚೆಗೇ, ತಮ್ಮ ಹೊಲದಲ್ಲೇ, ಗಂಡನ ಎಡಕ್ಕೇ.

"ಮ್ಯಾಲ ನೋಡಿದ್ರ ಗೊತ್ತಾಗೂದಿಲ್ಲ," ಎಂದಳು. "ಮಣ್ಣು ಎಲ್ಲಾ ಸಪಾಟ ಮಾಡಿ ಮುಚ್ಚೇತಿ."

"ಆದ್ರ ಆಯಿ, ಹಳ್ಳದಾಗ ಕಂಡದ್ದು ನಮ್ಮ ಹೊಲದಾಗೂ ಹಂಗ ಮುಂದುವರದೈತಿ ಅಂತ ನಾ ಅನ್ನಾಕತ್ತೀನಿ. ತಪ್ಪಿದ್ರ? ಊರ ಮುಂದ ಮತ್ತೊಮ್ಮೆ ಕಲ್ಲ ಹತ್ತಿದ್ರ ತಮ್ಮಣ್ಣ ಸಣ್ಣಜ್ಜ ಜೀವಮಾನ ನಗ್ತಾನ."

"ಅವ ಈಗೂ ನಗಾಕತ್ತಾನ," ಎಂದಳು ಕಾಶವ್ವ. "ಹೋಗು, ಚಪ್ಪಲಿ ಹಿಡಿ ಮೊದಲ."

ಮುಂದಿನ ರಜೆಗೆ ಅವರು ಬೆಳಗಿನ ಬಸ್ಸಿಗೇ ಬಂದರು. ಕಾಶವ್ವ ಬದುವಿನ ಈಚೆ, ಪೂನಮ ಗುರುತು ಮಾಡಿದ ಕಡೆ, ಚಪ್ಪಲಿ ಬಿಟ್ಟು ನಿಂತಳು. ಒಂದು ಹಿಮ್ಮಡಿಗೆ ಇನ್ನೊಂದು ಹೆಬ್ಬೆರಳು ತಾಗಿಸಿ, ಸೀರೆ ಸ್ವಲ್ಪ ಎತ್ತಿ ಹಿಡಿದು, ಉದ್ದ ಅಗಲ ಅಳೆದಳು. ಅಂಥ ಅಳತೆಯನ್ನು ಆ ಊರಲ್ಲಿ ಯಾರೂ ತಮ್ಮ ಕಾಲಲ್ಲಿ ತಾವೇ ನಡೆದು ಕೊಟ್ಟಿರಲಿಲ್ಲ. ಸಂಜಯ ಸುಣ್ಣದ ಪುಡಿ ಉದುರಿಸುತ್ತ ಹಿಂದೆ ಹಿಂದೆ ಬಂದ.

"ಅಳಿಯಾರ, ಚಾಲೂ ಮಾಡ್ರಿ," ಎಂದಳು.

ಮೊದಲ ಮೊಳ ಕೆಮ್ಮಣ್ಣು. ಆಮೇಲೆ ನಾಗಲಿಂಗನ ಹಾರೆ ಏನನ್ನೋ ತಾಗಿತು. ಪೂನಮ ಕಣ್ಣು ಮುಚ್ಚಿಕೊಂಡಳು. ಆದರೆ ಅದು ಠಣ್ ಅನ್ನಲಿಲ್ಲ. ಕಚ್ ಎಂದು ಒಳಗಿಳಿಯಿತು. ನಾಗಲಿಂಗ ಹಾರೆ ಮೀಟಿದ, ಬೂದಿ ಬಣ್ಣದ ಚಕ್ಕೆಗಳು ಎದ್ದು ಬಂದವು. ಅವನು ಒಂದನ್ನು ಬೆರಳಲ್ಲಿ ಮುರಿದು, ಮಗಳ ಕಡೆ ನೋಡಿ, ಅಪರೂಪಕ್ಕೆ ಬಾಯಿ ತೆರೆದ.

"ಹಪ್ಪಳ."

ಸುದ್ದಿ ಊರಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಮಟಮಟ ಮಧ್ಯಾಹ್ನದ ಹೊತ್ತಿಗೆ ದಿಬ್ಬದ ಮೇಲೆ ಅರ್ಧ ಊರು ನಿಂತಿತ್ತು. ನಾಗಲಿಂಗನ ತಲೆ ಕುಣಿಯೊಳಗೆ ಮುಳುಗಿತ್ತು. ಸಂಜಯ ಬುಟ್ಟಿಬುಟ್ಟಿ ಚಕ್ಕೆ ಮೇಲಕ್ಕೆ ಎಳೆದು ಸುರಿಯುತ್ತಿದ್ದ. ಪಡುವಣ ಗೋಡೆಯಲ್ಲಿ, ಮೂಡಣಕ್ಕೆ ಮುಖವಾಗುವಂತೆ, ಗೂಡು ಕೆತ್ತುವ ಕೆಲಸವೂ ಅರ್ಧ ಆಗಿತ್ತು. ಆಗ ಬಂದ ತಮ್ಮಣ್ಣ. ಈ ಸಲ ಕೈಯಲ್ಲಿ ಕಿಟ್ಲಿ ಇರಲಿಲ್ಲ. ಕುಣಿಯ ಅಂಚಿಗೆ ಬಂದು ಬಗ್ಗಿ ನೋಡಿದ. ಮತ್ತೆ ನೋಡಿದ.

"ಕಲ್ಲ ಎಲ್ಲೈತೋ ತಮ್ಮಣ್ಣ?" ಎಂದಳು ಕಾಶವ್ವ.

"ಇರಬೇಕ್ರಿ. ಇನ್ನೂ ಕೆಳಗ."

"ಇರಲಿ ಬಿಡು. ಅದರ ಮ್ಯಾಲ ಕುಂದರ್ತೀನಿ."

ಜನ ನಕ್ಕರು. ತಮ್ಮಣ್ಣ ಗಂಟಲು ಸರಿಮಾಡಿಕೊಂಡ. "ಆದ್ರ ವೈನಿ, ಅಣ್ಣನಿಂದ ಇಷ್ಟ ದೂರ? ಎಡಕ್ಕ ಅಂದ್ರ ಬಾಜೂಕ ಇರಬೇಕು. ಇದೇನ ಪದ್ಧತಿ?"

"ನಿಮ್ಮ ಅಣ್ಣ ಗೊರಕಿ ಹೊಡೀತಿದ್ದ. ಇಷ್ಟ ದೂರ ಇದ್ರ ನನಗ ಛಲೋನ."

"ಖಾಲಿ ಕುಣಿ ಬಿಡಬಾರದ್ರಿ ವೈನಿ. ಊರಿಗೆ ಕೇಡು. ಹಿರೇರು ಹೇಳ್ಯಾರ. ಯಾರನ್ನಾರ ಎಳಕೋತೈತಿ ಅದು."

ಜನ ಈಗ ನಗಲಿಲ್ಲ. ಆ ಮಾತಿಗೆ ಊರಲ್ಲಿ ಬೆಲೆ ಇತ್ತು. ಒಬ್ಬಿಬ್ಬರು ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಕಾಶವ್ವನಿಗೆ ಗೊತ್ತಾಯಿತು, ಸುಮ್ಮನೆ ಬಿಟ್ಟರೆ ಇವನು ಹೊತ್ತು ಮುಳುಗುವ ಮೊದಲು ಇದನ್ನು ಮುಚ್ಚಿಸುತ್ತಾನೆ. ಮತ್ತೊಮ್ಮೆ ತೋಡಿದರೆ ಮತ್ತೊಂದು ಮಾತು ಹುಟ್ಟುತ್ತದೆ. ಕಲ್ಲು ಹೋಯಿತು, ಪದ್ಧತಿ ಬಂತು. ಪದ್ಧತಿ ಹೋದರೆ ಕೇಡು ಬಂತು. ಮೇಲೆ ಮೇಲೆ ಎಷ್ಟು ಕೆರೆದರೂ ಇವನ ತಳ ಸಿಗುವುದಿಲ್ಲ.

"ಅಳಿಯಾರ, ನಿಚ್ಚಣಕಿ ಹಿಡೀರಿ," ಎಂದಳು.

ಯಾರೂ ಏನೂ ತಿಳಿದುಕೊಳ್ಳುವ ಮೊದಲೇ ಸೆರಗು ಸೊಂಟಕ್ಕೆ ಸಿಗಿಸಿ, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿದಳು. ಮೇಲೆ ಯಾರೋ "ಅಯ್ಯ ಶಿವನ" ಅಂದರು. ಕುಣಿಯ ತಳ ತಂಪಾಗಿತ್ತು. ಗೂಡಿನೊಳಗೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿ, ಕೂತಳು. ಅಲ್ಲಿಂದ ಕಾಣುತ್ತಿದ್ದದ್ದು ಒಂದು ತುಂಡು ಆಕಾಶ, ಅದರ ಅಂಚಿಗೆ ಸಾಲಾಗಿ ಚಪ್ಪಲಿಗಳು, ಹರಿದ ಬೂಟುಗಳು, ಬರಿಗಾಲುಗಳು.

"ಈಗ ಖಾಲಿ ಇಲ್ಲಲ್ಲ?" ಎಂದಳು. ದನಿ ಕುಣಿಯೊಳಗಿಂದ ದಪ್ಪವಾಗಿ ಬಂತು.

"ವೈನಿ, ಮ್ಯಾಲ ಬರ್ರಿ. ಮಂದಿ ನೋಡಾಕತ್ತಾರ."

"ನೋಡಲಿ. ಜೀವಂತ ಕುಂತು ನೋಡಿದ್ರ ಅಳತಿ ತಿಳೀತೈತಿ. ಬೆನ್ನಿಗೆ ಒಂಚೂರು ಒತ್ತಾಕತ್ತೈತಿ." ಅವಳು ಸ್ವಲ್ಪ ಸರಿದು ಕೂತಳು. "ತಮ್ಮಣ್ಣ, ಕೇಳು. ಇಷ್ಟ ದಿನ ನಿನ್ನ ಮಾತ ಕಲ್ಲಿನ ಬಾಯಾಗ ಇಟ್ಟಿದ್ದಿ. ಕಲ್ಲ ಪಾಪ, ಅದಕ್ಕೇನ ಗೊತ್ತು. ಇವತ್ತು ನಿನ್ನ ಬಾಯಿಲೆ ಹೇಳು. ಹೇಳೂ ತನಕ ನಾ ಏಳೂದಿಲ್ಲ. ಮುಚ್ಚೂದಿದ್ರ ನನ್ನ ಮ್ಯಾಲನ ಮಣ್ಣ ಹಾಕು."

ಚಪ್ಪಲಿಗಳು ಅಲುಗಾಡಲಿಲ್ಲ. ತಮ್ಮಣ್ಣನ ಬೂಟು ಒಮ್ಮೆ ಹಿಂದೆ ಹೋಯಿತು, ಮತ್ತೆ ಮುಂದೆ ಬಂತು. ಒಂದಿಷ್ಟು ಚಕ್ಕೆ ಅಂಚಿನಿಂದ ಉದುರಿ ಕಾಶವ್ವನ ಮಡಿಲಿಗೆ ಬಿತ್ತು.

"ಹೇಳಿದ್ರ ನಿಮಗ ಬ್ಯಾಸರ ಆಗತೈತ್ರಿ."

"ನನ್ನ ಬ್ಯಾಸರ ನಂದು. ಹೇಳು."

"ನಿಮ್ಮ ಮಗಳು ಕುರುಬರ ಮನಿಗೆ ಹೋದ್ಲು." ಮಾತು ಹೊರಬಿದ್ದ ಮೇಲೆ ತಡೆಯಲು ಆಗಲಿಲ್ಲ. "ನೀವರೆ ಬುದ್ಧಿ ಹೇಳ್ತೀರಿ ಅಂತ ನೋಡಿದ್ವಿ. ನೀವು ಅಲ್ಲೇ ಹೋಗಿ ಉಂಡ್ರಿ, ಅಲ್ಲೇ ಇದ್ರಿ. ನನ್ನ ಎರಡೂ ಹೆಣ್ಣಮಕ್ಕಳ ಲಗ್ನದಾಗ ಬೀಗರು ಅದನ್ನ ಎತ್ತಿ ಆಡಿದ್ರು. ತಲಿ ಕೆಳಗ ಹಾಕಿ ಕುಂತಿದ್ದೆ ನಾ. ನಾಳೆ ನಿಮ್ಮನ್ನ ತಂದು ಅಜ್ಜಾಗೋಳ ಸಾಲಿನ್ಯಾಗ ಕುಂದ್ರಿಸಿದ್ರ, ನಮ್ಮ ಮಂದಿ ನನ್ನ ಬಾಗಲಕ್ಕ ಬರೂದಿಲ್ಲ. ಇದ ನೋಡ್ರಿ. ಹೇಳು ಅಂದ್ರಿ, ಹೇಳೀನಿ."

ಕುಣಿಯ ಮೂಲೆಯಲ್ಲಿ ನಾಗಲಿಂಗ ನಿಚ್ಚಣಿಕೆ ಹಿಡಿದು ನಿಂತಿದ್ದ. ಮೇಲೇರಲು ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಕಾಶವ್ವ ಅವನ ಕಡೆ ನೋಡಿ, ಬೇಡ ಎಂಬಂತೆ ಕಣ್ಣು ಮಾಡಿದಳು. ಅವಳ ಮುಖದಲ್ಲಿ ಬೇಸರ ಇರಲಿಲ್ಲ. ಹಲ್ಲಿನ ಸಂದಿಯಲ್ಲಿ ಬಹಳ ದಿನದಿಂದ ಸಿಕ್ಕಿಕೊಂಡಿದ್ದ ನಾರು ಹೊರಬಂದವಳ ಹಾಗೆ ಇತ್ತು.

"ಆತು. ಈಗ ತಳ ಹತ್ತಿತು ನೋಡು. ಒಡಕು ಅಲ್ಲೈತಿ, ನಾವು ಮ್ಯಾಲ ಮ್ಯಾಲ ಇಷ್ಟ ವರ್ಷ ಬಗ್ಗಿ ಬಗ್ಗಿ ನಮಸ್ಕಾರ ಮಾಡಾಕತ್ತೀವಿ," ಎಂದಳು. "ನೀ ಬೀಗರ ಮುಂದ ತಲಿ ಕೆಳಗ ಹಾಕಿದ್ದು ನನಗ ಗೊತ್ತಿರಲಿಲ್ಲ. ಅದಕ್ಕ ನನಗ ಕೆಟ್ಟ ಅನಸ್ತು. ಆದ್ರ ಅದಕ್ಕ ತಪ್ಪಾತು ಅನ್ನೂದಿಲ್ಲ. ಹೌದು, ಉಂಡೀನಿ. ಇವತ್ತ ರಾತ್ರಿನೂ ಉಣ್ತೀನಿ. ಕೊರಳಾಗ ಲಿಂಗ ಕಟ್ಟಿದ ದಿನ ಕುಲ ಕೇಳಬಾರದು ಅಂತ ನಮಗ ಹೇಳಿಕೊಟ್ಟಾರ. ನೀ ಮರತಿರಬೇಕು, ನನಗ ನೆನಪೈತಿ. ನಾ ಜಾಗ ಬೇಡಾಕ ಬಂದಿಲ್ಲ ತಮ್ಮಣ್ಣ. ಗುರುಪುತ್ರಪ್ಪನ ಹೆಂಡತಿ ನಾ, ಇದು ನನ್ನ ಜಾಗ. ಯಾರು ನಿನ್ನ ಬಾಗಲಕ್ಕ ಬರೂದಿಲ್ಲೋ, ಅವರು ಇಲ್ಲೇ ಮ್ಯಾಲ ನಿಂತಾರ. ಕೇಳು ಅವರನ್ನ. ನಾನೂ ಕೇಳಸ್ಕೋತೀನಿ."

ಒಬ್ಬ ಕೆಮ್ಮಿದ. ತಮ್ಮಣ್ಣ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮನೆಯಲ್ಲಿ ಕೂತು ಬಿಸಿಬಿಸಿ ಆಡುವ ಮಾತನ್ನು ಕುಣಿಯೊಳಗೆ ಕೂತ ಮುದುಕಿಯ ತಲೆಯ ಮೇಲೆ ನಿಂತು ಆಡಲು ಯಾರಿಗೂ ನಾಲಿಗೆ ಏಳಲಿಲ್ಲ. ಆದರೆ ಬರುತ್ತೇವೆ ಅಂತಲೂ ಯಾರೂ ಅನ್ನಲಿಲ್ಲ. ಬಿಸಿಲು ಬಡಗಣ ಗೋಡೆಯಿಂದ ಮೇಲಕ್ಕೆ ಸರಿಯುತ್ತಿತ್ತು.

ಸಾಲಿನ ನಡುವೆ ಒಂದು ಜೊತೆ ಹಸಿರು ಪ್ಲಾಸ್ಟಿಕ್ ಚಪ್ಪಲಿ ಬಂತು. ಸಾವಂತ್ರವ್ವ. ಬಗಲಲ್ಲಿ ಬುತ್ತಿಯ ಗಂಟು. ಗಂಡನ ಮುಖ ನೋಡದೆ ಅಂಚಿನಲ್ಲಿ ಕೂತು, ಕಾಲು ಕುಣಿಯೊಳಗೆ ಇಳಿಬಿಟ್ಟು, ಗಂಟು ಬಿಚ್ಚಿದಳು.

"ಅಕ್ಕಾ, ಹಸದಿರಬೇಕು. ಹೊಟ್ಟಿ ಖಾಲಿ ಇಟಗೊಂಡು ಜಗಳಾ ಮಾಡಬಾರದು," ಎಂದಳು. ಎರಡು ರೊಟ್ಟಿಯ ಮೇಲೆ ಎಣ್ಣೆಗಾಯಿ ಹಾಕಿ ಕೆಳಗೆ ಚಾಚಿದಳು. "ತಗೋರಿ, ಮೊದಲ ಅಳಿಯಂದಿರಿಗೆ ಕೊಡ್ರಿ. ಮುಂಜಾನಿಂದ ತೋಡಾಕತ್ತಾರ."

ನಾಗಲಿಂಗ ಕೈ ಒರೆಸಿಕೊಂಡು, ಎರಡು ಮೆಟ್ಟಿಲೇರಿ ತಗೊಂಡ. ಸಾವಂತ್ರವ್ವ ಅದೇ ರೊಟ್ಟಿಯ ಅಂಚನ್ನು ಚೂರು ಮುರಿದುಕೊಂಡು, ಅವನ ಕೈಯಲ್ಲಿದ್ದ ಎಣ್ಣೆಗಾಯಿಗೆ ಅದ್ದಿ, ಎಲ್ಲರೂ ನೋಡುತ್ತಿರುವಂತೆ ಬಾಯಿಗೆ ಹಾಕಿಕೊಂಡಳು. ಅಗಿದಳು. ಅವಸರ ಮಾಡಲಿಲ್ಲ.

"ಉಪ್ಪು ಕಡಿಮಿ ಆಗೇತಿ," ಎಂದಳು.

"ಏನ ಮಾಡಾಕತ್ತಿ?" ಎಂದ ತಮ್ಮಣ್ಣ, ದನಿ ತಗ್ಗಿಸಿ.

"ಉಣ್ಣಾಕತ್ತೀನಿ." ಆಗ ಅವಳು ತಿರುಗಿ ಗಂಡನ ಕಡೆ ನೋಡಿದಳು. "ನಿಮ್ಮನ್ನ ಒಂದ ಮಾತ ಕೇಳೂದಿತ್ತು. ನಿಮ್ಮ ಜಾಗ ಅಣ್ಣಾರ ಹಿಂದಿನ ಸಾಲಿನ್ಯಾಗ ಹಿಡಿದಿಟ್ಟೀರಿ. ನಿಮ್ಮ ಎಡಕ್ಕೂ ಅದ ನೆತ್ತಿ, ಅದ ಕಲ್ಲ. ನನ್ನನ್ನ ಎಲ್ಲಿ ಕುಂದ್ರಸವರಿದ್ದೀರಿ?"

ತಮ್ಮಣ್ಣನ ಬಾಯಿ ತೆರೆಯಿತು. ಆ ಪ್ರಶ್ನೆ ಅವನಿಗೆ ಎಂದೂ ಬಂದಿರಲಿಲ್ಲ ಎಂಬುದು ಎಲ್ಲರಿಗೂ ಕಂಡಿತು.

"ನಾ ಅಕ್ಕನ ಬಾಜೂಕ ಕುಂದರ್ತೀನಿ," ಎಂದಳು ಸಾವಂತ್ರವ್ವ. "ಇಲ್ಲಿ ಮಣ್ಣ ಮೆತ್ತಗ ಐತಿ. ಪೂನಮ, ಈ ಕಲ್ಲ ಇಳದದ್ದು ಈ ಬದುವಿನ ಗುಂಟ ಹಿಂಗ ಹೋಗೇತೇನವಾ?"

"ಹೌದ್ರಿ ಸಣ್ಣಾಯಿ," ಎಂದಳು ಪೂನಮ. "ಹಿಂಗ ಪಡುವಣಕ್ಕ ಹೋಗಿರಬೇಕು ಅನಸ್ತೈತಿ. ತೋಡಿ ನೋಡಬೇಕು."

"ಹಂಗಾರ ನಂದೂ ಒಂದು ಗುರ್ತ ಮಾಡಿಡು."

ಗುಂಪಿನ ಹಿಂದಿನಿಂದ ಒಬ್ಬ ಮುದುಕಿ, "ನನ್ನ ಗಂಡನ ಎಡಕ್ಕೂ ಕಲ್ಲ ಐತೆವ್ವಾ, ನಂದೂ ನೋಡು" ಎಂದಳು. ಈಗ ಹೆಂಗಸರು ಜೋರಾಗಿ ನಕ್ಕರು. ಗಂಡಸರು ತಮ್ಮ ಚಪ್ಪಲಿ ನೋಡಿಕೊಂಡರು. ಬಾಗಿಲಿಗೆ ಬರುವುದಿಲ್ಲ ಅನ್ನಬಹುದಾಗಿದ್ದವರ ಹೆಂಡಂದಿರೇ ಕುಣಿಯ ಅಂಚಿಗೆ ಬಂದು, ಬಗ್ಗಿ, ಗೂಡು ಎಷ್ಟು ಅಗಲ ಇದೆ, ಕಾಲು ಚಾಚಲು ಬರುತ್ತದೆಯೇ ಎಂದು ಕಾಶವ್ವನನ್ನು ಕೇಳತೊಡಗಿದರು. ಅವಳು ಕೂತಲ್ಲಿಂದಲೇ ಉತ್ತರ ಕೊಟ್ಟಳು.

ತಮ್ಮಣ್ಣ ಅಂಚಿನ ಸುತ್ತ ಒಂದು ಸುತ್ತು ನಡೆದ. ಬೂಟಿನ ತುದಿಯಿಂದ ಮಣ್ಣು ಒತ್ತಿ ನೋಡಿದ, ಕುಸಿಯುತ್ತದೋ ಇಲ್ಲವೋ ಎಂದು.

"ಇದನ್ನ ಹಿಂಗ ತೆರದಿಟ್ರ ದನಾ ಬೀಳ್ತಾವು," ಎಂದ. ಯಾರಿಗೆ ಹೇಳಿದ ಎಂಬುದು ಗೊತ್ತಾಗಲಿಲ್ಲ. "ಹೊತ್ತ ಮುಳಗೂದ್ರಾಗ ಮ್ಯಾಲ ಚಪ್ಪಡಿ ಹಾಕಸಬೇಕು. ಕೊಟ್ಟಗಿ ಹಿಂದ ಒಂದು ದೊಡ್ಡದು ಬಿದ್ದೈತಿ."

ದಿಬ್ಬದ ಮೇಲೆ ಗಾಳಿ ಆಡಿದಂತಾಯಿತು. ಪೂನಮ ಅಪ್ಪನ ಕಡೆ ನೋಡಿದಳು. ನಾಗಲಿಂಗ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದ್ದ.

ಕಾಶವ್ವ ಮಾತ್ರ ಯೋಚನೆ ಮಾಡಿ ಹೇಳಿದಳು.

"ಅದು ಭಾಳ ವಜ್ಜಾ ಐತೋ ತಮ್ಮಣ್ಣ. ಎರಡ ತುಂಡ ಮಾಡಿ ಹಾಕಸು. ಇಡೀದು ಹಾಕಿದ್ರ, ಆಮ್ಯಾಲ ನನ್ನ ಸಲುವಾಗಿ ಎತ್ತೂ ಹೊತ್ತಿಗೆ ನಿನ್ನ ನಡಾ ಹಿಡೀತೈತಿ."

"ಹಾಕಸ್ತೀನಿ," ಎಂದ ತಮ್ಮಣ್ಣ. "ಈಗ ಮ್ಯಾಲ ಬರ್ರಿ."

"ಬರ್ತೀನಿ, ತಡಿ. ಬೆನ್ನಿಗೆ ಒತ್ತೂದು ಒಂದೀಟ ಕೆತ್ತಲಿ," ಎಂದು ಕಾಶವ್ವ ಪಕ್ಕಕ್ಕೆ ಸರಿದು, ಅಳಿಯನಿಗೆ ಜಾಗ ಬಿಟ್ಟು, ತನ್ನ ಪಾಲಿನ ರೊಟ್ಟಿ ಮುರಿದಳು.